ಸುಮ್ಮನೆ ಕುಳಿತ ಯಂತ್ರದ ಹಸಿವು

ವಿದ್ಯುತ್ತನ್ನು ಉಳಿಸಿರೆಂಬ ಉಪದೇಶಕ್ಕೆ ನಮ್ಮ ನಾಡಿನಲ್ಲಿ ಎಂದೂ ಬರ ಬಂದದ್ದಿಲ್ಲ. ಆದರೆ ಆ ಉಪದೇಶ ಹರಿಯುವ ದಿಕ್ಕು ಮಾತ್ರ ಒಂದೇ: ನಗರದಿಂದ ಹಳ್ಳಿಗೆ, ಕಚೇರಿಯಿಂದ ಹೊಲಕ್ಕೆ. ಕೋಲಾರ ತಾಲ್ಲೂಕಿನ ಹುತ್ತೂರು ಹೋಬಳಿಯ ರೈತನೊಬ್ಬ ತನ್ನ ಕೊಳವೆಬಾವಿಗೆ ಆಟೋ ಸ್ಟಾರ್ಟರ್ ಹಾಕಿಸಿದರೆ ಅದು ದೊಡ್ಡ ಅಪರಾಧ. ಕರೆಂಟು ಬಂದೊಡನೆ ಮೋಟಾರು ತಾನಾಗಿ ತಿರುಗುತ್ತದೆ, ಬೆಳೆಗೆ ಬೇಕಿರಲಿ ಬೇಡದಿರಲಿ ನೀರು ಹರಿಯುತ್ತದೆ, ವಿದ್ಯುತ್ತೂ ಅಂತರ್ಜಲವೂ ಒಟ್ಟಿಗೇ ಪೋಲಾಗುತ್ತವೆ ಎಂಬ ಟೀಕೆ ಕೃಷಿ ವಿಚಾರಗೋಷ್ಠಿಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಆ ಟೀಕೆಯಲ್ಲಿ ಹುರುಳಿದೆ. ಕೃಷಿ ವಿಜ್ಞಾನದ ವಿದ್ಯಾರ್ಥಿಯಾಗಿ ನಾನು ಅದನ್ನು ಅಲ್ಲಗಳೆಯಲಾರೆ. ಆದರೆ ಗೋಷ್ಠಿಯ ವರದಿಯನ್ನು ಸಿದ್ಧಪಡಿಸಿದ ಕಂಪ್ಯೂಟರು ಸಂಜೆ ಎಲ್ಲರೂ ಮನೆಗೆ ಹೋದ ಮೇಲೂ ಬೆಳಗಿನವರೆಗೆ ವಿದ್ಯುತ್ತನ್ನು ಹೀರುತ್ತ ಕುಳಿತಿರುತ್ತದೆಯಲ್ಲ, ಅದು ಆಟೋ ಸ್ಟಾರ್ಟರ್ ಅಲ್ಲವೇ? ಅದನ್ನು ಬೈಯುವ ಗೋಷ್ಠಿ ಎಲ್ಲಿ ನಡೆದಿದೆ?

ಈ ಲೇಖನ ಬರೆಯುತ್ತಿರುವುದು ಮೇಜಿನ ಮೇಲಿನ ಕಂಪ್ಯೂಟರಿನೊಳಗೆ ಅಡಗಿರುವ ಒಂದು ಬಿಡಿಭಾಗದ ಬಗ್ಗೆ. ಗ್ರಾಫಿಕ್ಸ್ ಕಾರ್ಡ್ ಎಂದು ಅದರ ಹೆಸರು. ಪರದೆಯ ಮೇಲೆ ಚಿತ್ರ ಮೂಡಿಸುವುದು ಅದರ ಕಸುಬು. ಆಟಗಳನ್ನಾಡುವವರು, ಚಲನಚಿತ್ರ ಸಂಕಲನ ಮಾಡುವವರು, ಈಚೆಗೆ ಕೃತಕ ಬುದ್ಧಿಮತ್ತೆಯ ಪ್ರಯೋಗ ನಡೆಸುವವರು ಇದನ್ನು ನೂರಾರು ವಾಟ್‌ಗಳಲ್ಲಿ ದುಡಿಸಿಕೊಳ್ಳುತ್ತಾರೆ. ದುಡಿಮೆಗೆ ತಕ್ಕ ಊಟ ಕೊಡುವುದರಲ್ಲಿ ತಕರಾರಿಲ್ಲ. ದುಡಿಯದೆ ಕುಳಿತಾಗ ಅದು ಎಷ್ಟು ತಿನ್ನುತ್ತದೆ, ಏಕೆ ತಿನ್ನುತ್ತದೆ, ಆ ಊಟದ ಖರ್ಚನ್ನು ಯಾರು ಕೊಡುತ್ತಿದ್ದಾರೆ ಎಂಬುದಷ್ಟೇ ಇಲ್ಲಿಯ ಪ್ರಶ್ನೆ. ಅದರಲ್ಲಿಯೂ ಲಿನಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಬಳಸುವ ನಮ್ಮಂಥವರಿಗೆ ಈ ಪ್ರಶ್ನೆ ಹೆಚ್ಚು ಹತ್ತಿರದ್ದು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಗಟ್ಟಿಮುಟ್ಟಾದ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕಬೇಡಿ, ಲಿನಕ್ಸ್ ಹಾಕಿಕೊಂಡು ಬಳಸಿರಿ ಎಂದು ಹೇಳುತ್ತಿರುವವರು ನಾವೇ. ಹಾಗೆ ಹೇಳಿದ ಮೇಲೆ ಆ ಯಂತ್ರ ಮಿತವಾಗಿ ಉಣ್ಣುವಂತೆ ನೋಡಿಕೊಳ್ಳುವ ಹೊಣೆಯೂ ನಮ್ಮದೇ.

ಎರಡು ತಂತಿಗಳ ಕಥೆ

ಕೋಲಾರದವರಿಗೆ ವಿದ್ಯುತ್ತಿನ ರಾಜಕೀಯ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಪಯಣಿಸಿ ಕೋಲಾರದ ಚಿನ್ನದ ಗಣಿಗೆ ಬಂತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ತಂತಿಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗೇ ದೀಪ ಬಂದದ್ದು 1905ರಲ್ಲಿ. ತಂತಿಯ ಕೆಳಗಿದ್ದ ಹಳ್ಳಿಗಳು ಮತ್ತೆ ಹಲವು ದಶಕ ಸೀಮೆಎಣ್ಣೆಯ ಬುಡ್ಡಿಯ ಬೆಳಕಿನಲ್ಲೇ ಕಳೆದವು. ಚಿನ್ನ ಹೊರಗೆ ಹೋಯಿತು, 2001ರಲ್ಲಿ ಗಣಿ ಮುಚ್ಚಿತು, ಸಯನೈಡ್ ದಿಬ್ಬಗಳು ಮಾತ್ರ ನಮ್ಮ ಪಾಲಿಗೆ ಉಳಿದವು.

ಎರಡನೆಯ ತಂತಿ ಬಂದದ್ದು 2003ರಲ್ಲಿ. ಒಡಿಶಾದ ತಾಲ್ಚೇರ್‌ನಲ್ಲಿ ಕಲ್ಲಿದ್ದಲು ಸುಟ್ಟು ತಯಾರಿಸಿದ ವಿದ್ಯುತ್ತನ್ನು ಸುಮಾರು 1400 ಕಿಲೋಮೀಟರ್ ದೂರದ ಕೋಲಾರಕ್ಕೆ ತಂದು ಇಳಿಸುವ 500 ಕಿಲೋವೋಲ್ಟಿನ ನೇರ ಪ್ರವಾಹದ ಮಾರ್ಗವಿದು. 2000 ಮೆಗಾವಾಟ್ ಹೊರುವ ಸಾಮರ್ಥ್ಯದಿಂದ ಆರಂಭವಾಗಿ ಅನಂತರ 2500ಕ್ಕೆ ಏರಿತು. ಇಲ್ಲಿ ಇಳಿದ ವಿದ್ಯುತ್ತು ದಕ್ಷಿಣದ ರಾಜ್ಯಗಳಿಗೆಲ್ಲ ಹಂಚಿಕೆಯಾಗುತ್ತದೆ. ಅಲ್ಲಿ ತಾಲ್ಚೇರ್‌ನ ಕಾಡು ಮತ್ತು ಊರುಗಳು ಗಣಿಯ ಬಾಯಿಗೆ ಬಿದ್ದವು. ಇಲ್ಲಿ ವಿದ್ಯುತ್ತು ಬಂದಿಳಿಯುವ ತಾಲ್ಲೂಕಿನಲ್ಲಿಯೇ ರೈತ ತ್ರೀ ಫೇಸ್ ಯಾವಾಗ ಬರುತ್ತದೆಂದು ರಾತ್ರಿ ಟಾರ್ಚ್ ಹಿಡಿದು ಕಾಯುತ್ತಾನೆ. ಸರ್ಕಾರದ ಮಾತಿನಂತೆ ಅವನಿಗೆ ದಿನಕ್ಕೆ ಏಳು ಗಂಟೆ. ಅದೂ ಹಗಲಿಗಷ್ಟು, ಇರುಳಿಗಷ್ಟು ಎಂದು ತುಂಡು ತುಂಡಾಗಿ. ಆಟೋ ಸ್ಟಾರ್ಟರ್ ಹುಟ್ಟಿದ್ದು ಸೋಮಾರಿತನದಿಂದಲ್ಲ, ಈ ಅನಿಶ್ಚಿತತೆಯಿಂದ. ಅದೇ ತಂತಿಯ ಇನ್ನೊಂದು ತುದಿಯಲ್ಲಿ, ಅರವತ್ತು ಎಪ್ಪತ್ತು ಕಿಲೋಮೀಟರ್ ಆಚೆಯ ಬೆಂಗಳೂರಿನಲ್ಲಿ, ಇಪ್ಪತ್ತನಾಲ್ಕು ಗಂಟೆಯೂ ವಿದ್ಯುತ್ ಪಡೆಯುವ ಹಕ್ಕನ್ನು ಯಾರೂ ಪ್ರಶ್ನಿಸದ ಯಂತ್ರಗಳಿವೆ.

ಲೆಕ್ಕ ಹಾಕೋಣ

ಭಾವಾವೇಶ ಬೇಡ, ಅಂಕಿಗಳನ್ನೇ ನೋಡೋಣ. ಸರಿಯಾಗಿ ಹೊಂದಿಸಿದ ಸಾಧಾರಣ ಕಾರ್ಡೊಂದು ಒಂದೇ ಪರದೆಗೆ ಜೋಡಿಸಿಕೊಂಡು ಸುಮ್ಮನಿರುವಾಗ ಹತ್ತು ವಾಟ್ ಆಸುಪಾಸಿನಲ್ಲಿ ಇರಬಲ್ಲದು. ಹೊಂದಿಕೆ ತಪ್ಪಿದರೆ ಅದೇ ಕಾರ್ಡು ಮೂವತ್ತು, ನಲವತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು ವಾಟ್ ಉಣ್ಣುತ್ತದೆ. 2022ರ ಡಿಸೆಂಬರಿನಲ್ಲಿ ಎಎಂಡಿ ಕಂಪನಿಯ ರೇಡಿಯಾನ್ 7900 ಸರಣಿಯ ಕಾರ್ಡುಗಳು ಮಾರುಕಟ್ಟೆಗೆ ಬಂದಾಗ ಎರಡು ಪರದೆ ಜೋಡಿಸಿದರೆ ಏನೂ ಕೆಲಸವಿಲ್ಲದೆಯೇ ನೂರು ವಾಟ್‌ನ ಸಮೀಪ ಹೋಗುತ್ತಿದ್ದುದನ್ನು ಪರೀಕ್ಷಕರು ಅಳೆದು ತೋರಿಸಿದರು. ಕಂಪನಿಯೇ ಅದನ್ನು ದೋಷವೆಂದು ಒಪ್ಪಿಕೊಂಡು ಚಾಲಕ ತಂತ್ರಾಂಶಗಳಲ್ಲಿ ತಿದ್ದುತ್ತ ಹೋಗಬೇಕಾಯಿತು.

ನೂರರ ಮಾತು ಬಿಡಿ. ವ್ಯರ್ಥವಾಗುವುದು ಬರೀ 30 ವಾಟ್ ಎಂದಿಟ್ಟುಕೊಳ್ಳೋಣ. ಯಂತ್ರ ವರ್ಷವಿಡೀ ಉರಿಯುತ್ತಿದ್ದರೆ ಅದು ಸುಮಾರು 263 ಯುನಿಟ್. ಐದು ಅಶ್ವಶಕ್ತಿಯ ಪಂಪಿನ ಸಾಮರ್ಥ್ಯ 3.73 ಕಿಲೋವಾಟ್. ಹಾಗಾದರೆ ಒಂದು ಕಾರ್ಡಿನ ವಾರ್ಷಿಕ ವ್ಯರ್ಥದಲ್ಲಿ ಆ ಪಂಪನ್ನು ಎಪ್ಪತ್ತು ಗಂಟೆ, ಅಂದರೆ ಏಳು ಗಂಟೆಯ ಲೆಕ್ಕದಲ್ಲಿ ಹತ್ತು ದಿನ ಓಡಿಸಬಹುದು.

ನೀರಿನ ಭಾಷೆಯಲ್ಲಿ ಹೇಳುವುದಾದರೆ ಇನ್ನೂ ಸ್ಪಷ್ಟವಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿಗೂ ಆಳದ ಕೊಳವೆಬಾವಿಗಳು ಸಾಮಾನ್ಯ. ಸಾವಿರ ಅಡಿ ಆಳದಿಂದ ಸಾವಿರ ಲೀಟರ್ ನೀರನ್ನು ಮೇಲೆತ್ತಲು, ಪಂಪಿನ ದಕ್ಷತೆ ಶೇ. 40 ಎಂದು ಹಿಡಿದರೆ, ಸುಮಾರು ಎರಡು ಯುನಿಟ್ ಬೇಕು. 263 ಯುನಿಟ್‌ಗೆ 1.3 ಲಕ್ಷ ಲೀಟರ್ ಸಿಗುತ್ತದೆ. ಒಂದು ಎಕರೆಯ ಮೇಲೆ ಹರಡಿದರೆ 32 ಮಿಲಿಮೀಟರ್. ದಿನಕ್ಕೆ ನಾಲ್ಕು ಮಿಲಿಮೀಟರಿನಂತೆ ಹನಿ ನೀರಾವರಿಯಲ್ಲಿ ಕೊಟ್ಟರೆ ಒಂದು ಎಕರೆ ಟೊಮೆಟೊ ಎಂಟು ದಿನ ಬದುಕುತ್ತದೆ. ಹೂ ಕಚ್ಚುವ ಹೊತ್ತಿನಲ್ಲಿ ಎಂಟು ದಿನದ ನೀರು ಎಂದರೆ ಏನೆಂಬುದನ್ನು ಹುತ್ತೂರಿನವರಿಗೂ ಶ್ರೀನಿವಾಸಪುರದವರಿಗೂ ವಿವರಿಸಬೇಕಿಲ್ಲ. ಕಲ್ಲಿದ್ದಲಿನ ಲೆಕ್ಕವೇ ಬೇಕೆಂದರೆ, ಯುನಿಟ್ಟಿಗೆ 700 ಗ್ರಾಂನಂತೆ 180 ಕಿಲೋ ಕಲ್ಲಿದ್ದಲು, ಮೂರೂವರೆ ಮೂಟೆ. ಒಂದು ಕಾರ್ಡಿಗೆ, ಒಂದು ವರ್ಷಕ್ಕೆ, ಏನೂ ಮಾಡದೆ ಕುಳಿತುದಕ್ಕೆ. ತಂತಿಯಲ್ಲಿ ಸೋರಿಹೋಗುವುದನ್ನೂ ಕಂಪ್ಯೂಟರಿನ ಪವರ್ ಸಪ್ಲೈನಲ್ಲಿ ಶಾಖವಾಗಿ ಹೋಗುವುದನ್ನೂ ಈ ಲೆಕ್ಕಕ್ಕೆ ಸೇರಿಸಿಲ್ಲ.

ಕಾರ್ಡು ಏಕೆ ಮಲಗುವುದಿಲ್ಲ?

ಕಾರಣ ತಿಳಿಯದೆ ರೋಗಕ್ಕೆ ಮದ್ದಿಲ್ಲ. ಕಾರ್ಡಿನಲ್ಲಿ ಎರಡು ಮುಖ್ಯ ಭಾಗಗಳಿವೆ: ಲೆಕ್ಕ ಮಾಡುವ ಚಿಪ್ಪು ಮತ್ತು ಅದರ ಸ್ಮೃತಿ. ಎರಡಕ್ಕೂ ವೇಗದ ಮೆಟ್ಟಿಲುಗಳಿವೆ. ಕೆಲಸವಿಲ್ಲದಾಗ ಕೆಳಗಿನ ಮೆಟ್ಟಿಲಿಗೆ ಇಳಿಸುವುದು ಚಾಲಕ ತಂತ್ರಾಂಶದ ಕರ್ತವ್ಯ. ಆದರೆ ಸ್ಮೃತಿಯ ವೇಗವನ್ನು ಬದಲಿಸುವ ಆ ಕ್ಷಣದಲ್ಲಿ ಪರದೆಗೆ ಚಿತ್ರ ಕಳಿಸುವುದು ತಡೆಯಾಗುತ್ತದೆ, ಪರದೆ ಮಿನುಗುತ್ತದೆ. ಇದನ್ನು ತಪ್ಪಿಸಲು ಒಂದು ಸಂದು ಬೇಕು.

ಉಳುಮೆಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಪರದೆಯ ಮೇಲೆ ಚಿತ್ರವು ಸಾಲು ಸಾಲಾಗಿ ಮೇಲಿನಿಂದ ಕೆಳಕ್ಕೆ ಮೂಡುತ್ತದೆ. ಕೊನೆಯ ಸಾಲು ಮುಗಿದು ಮತ್ತೆ ಮೊದಲ ಸಾಲಿಗೆ ಬರುವ ನಡುವೆ, ಹೊಲದ ಅಂಚಿನಲ್ಲಿ ನೇಗಿಲು ತಿರುಗಿಸುವಾಗ ಎತ್ತಿಗೆ ಸಿಗುವಂಥ, ಒಂದು ಚಿಕ್ಕ ಬಿಡುವಿರುತ್ತದೆ. ಆ ಬಿಡುವಿನಲ್ಲಿಯೇ ವೇಗ ಬದಲಾಗಬೇಕು. ಸೆಕೆಂಡಿಗೆ 60 ಬಾರಿ ಚಿತ್ರ ಮೂಡಿಸುವ ಪರದೆಯಲ್ಲಿ ಬಿಡುವು ಸಾಕಷ್ಟಿರುತ್ತದೆ. 144 ಬಾರಿ ಮೂಡಿಸುವ ಪರದೆಯಲ್ಲಿ ಅದು ಕಿರಿದಾಗುತ್ತದೆ. ಇನ್ನು ಎರಡು ಪರದೆಗಳಿದ್ದು ಅವುಗಳ ಗತಿ ಬೇರೆ ಬೇರೆಯಾದರೆ, ಒಂದೇ ಹೊಲದಲ್ಲಿ ಎರಡು ಆರು ಕಟ್ಟಿ ಒಂದು ತಿರುಗುವಾಗ ಇನ್ನೊಂದು ನಡುಸಾಲಿನಲ್ಲಿದ್ದಂತೆ; ಇಬ್ಬರಿಗೂ ಒಟ್ಟಿಗೆ ಬಿಡುವೇ ಸಿಗದು. ಆಗ ಚಾಲಕ ತಂತ್ರಾಂಶ ರಗಳೆಯೇ ಬೇಡವೆಂದು ಸ್ಮೃತಿಯನ್ನು ಮೇಲಿನ ಮೆಟ್ಟಿಲಿನಲ್ಲೇ ನಿಲ್ಲಿಸಿಬಿಡುತ್ತದೆ. ಬಳಕೆದಾರನ ಕಣ್ಣಿಗೆ ಏನೂ ಕಾಣದು. ಮೀಟರಿಗೆ ಮಾತ್ರ ಕಾಣುತ್ತದೆ.

ಬೀಗದ ಕೈ ಯಾರ ಬಳಿ?

ಇದು ಬರೀ ತಾಂತ್ರಿಕ ಸಮಸ್ಯೆಯಾಗಿದ್ದರೆ ಈ ಪತ್ರಿಕೆಯಲ್ಲಿ ಬರೆಯುವ ಅಗತ್ಯವಿರಲಿಲ್ಲ. ಮುಖ್ಯ ಮಾತು ಬೇರೆಯಿದೆ. ಕಾರ್ಡನ್ನು ಇಳಿಸುವ ಏರಿಸುವ ವಿದ್ಯೆ ಅದನ್ನು ತಯಾರಿಸಿದವರ ಬಳಿ ಇರುತ್ತದೆ. ಅವರು ಆ ವಿದ್ಯೆಯನ್ನು ಬಚ್ಚಿಟ್ಟರೆ ಮುಕ್ತ ತಂತ್ರಾಂಶ ಬರೆಯುವವರು ಕತ್ತಲಲ್ಲಿ ತಡಕಾಡಬೇಕು.

ಎಎಂಡಿ ಕಂಪನಿ 2007ರಲ್ಲಿ ತನ್ನ ಕಾರ್ಡುಗಳ ತಾಂತ್ರಿಕ ದಾಖಲೆಗಳನ್ನು ಬಿಡುಗಡೆ ಮಾಡಲಾರಂಭಿಸಿತು. ಆದರೂ ವಿದ್ಯುತ್ ನಿರ್ವಹಣೆಯ ಪೂರ್ಣ ವ್ಯವಸ್ಥೆ ಲಿನಕ್ಸಿಗೆ ಬಂದದ್ದು 2013ರಲ್ಲಿ, 3.11ನೆಯ ಕರ್ನೆಲ್‌ನೊಂದಿಗೆ, ಹಲವು ಕಾರ್ಡುಗಳಿಗೆ ಅದು ತಾನಾಗಿ ಚಾಲ್ತಿಗೊಂಡದ್ದು 2014ರ ಆರಂಭದಲ್ಲಿ. ಅಷ್ಟು ವರ್ಷ ಬಳಕೆದಾರ ಕೈಯಾರೆ ಹೊಂದಿಸಿಕೊಳ್ಳದ ಹೊರತು ಕಾರ್ಡುಗಳು ಬಿಸಿಯಾಗುತ್ತಲೇ ಇದ್ದವು. ಎನ್ವಿಡಿಯಾ ಕಂಪನಿಯದು ಇನ್ನೂ ದೀರ್ಘ ಕಥೆ. ಲಿನಕ್ಸಿನ ಜನಕ ಲೈನಸ್ ಟೋರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ಸಭೆಯೊಂದರಲ್ಲಿ ತಾವು ವ್ಯವಹರಿಸಿದ ಕಂಪನಿಗಳಲ್ಲೆಲ್ಲ ಇದೇ ಅತ್ಯಂತ ಕೆಟ್ಟದ್ದೆಂದು ಸಾರ್ವಜನಿಕವಾಗಿಯೇ ಹೇಳಿದರು. 2014ರಲ್ಲಿ ಬಂದ 900ರ ಸರಣಿಯಿಂದೀಚೆಗೆ ಕಂಪನಿಯ ಸಹಿಯಿರುವ ಒಳತಂತ್ರಾಂಶ ಇಲ್ಲದೆ ಕಾರ್ಡಿನ ವೇಗವನ್ನು ಬದಲಿಸಲಾಗದಂತೆ ಬೀಗ ಜಡಿಯಲಾಯಿತು. ನೂವೋ ಎಂಬ ಮುಕ್ತ ಚಾಲಕ ತಂತ್ರಾಂಶವನ್ನು ಸ್ವಯಂಸೇವಕರು ವರ್ಷಗಟ್ಟಲೆ ಶ್ರಮಿಸಿ ಕಟ್ಟಿದ್ದಾರೆ. ಆದರೆ ಈ ಕಾರ್ಡುಗಳು ಅದರ ಕೈಯಲ್ಲಿ ಯಂತ್ರ ಚಾಲೂ ಆದಾಗಿನ ವೇಗದಲ್ಲೇ ನಿಂತುಬಿಡುತ್ತವೆ. ಏರಿಸಲೂ ಆಗದು, ಇಳಿಸಲೂ ಆಗದು. 2018ರ ನಂತರದ ಕಾರ್ಡುಗಳಿಗೆ 2024ರ ಜನವರಿಯಲ್ಲಿ ಬಂದ 6.7ನೆಯ ಕರ್ನೆಲ್‌ನಿಂದ ದಾರಿ ತೆರೆಯಿತು. ನಡುವಿನ ಪೀಳಿಗೆಯ ಕಾರ್ಡುಗಳು ಅನಾಥವಾಗಿಯೇ ಉಳಿದವು.

ಅವುಗಳಿಗೆ ಕಂಪನಿಯ ಸ್ವಂತ ಚಾಲಕ ತಂತ್ರಾಂಶವೊಂದೇ ಗತಿಯಾಗಿತ್ತು. 900 ಮತ್ತು 1000ದ ಸರಣಿಗಳಿಗೆ ತನ್ನ 580ನೆಯ ಶ್ರೇಣಿಯೇ ಕೊನೆಯದೆಂದು ಕಂಪನಿ 2025ರಲ್ಲಿ ಪ್ರಕಟಿಸಿದೆ. ಬೀಗ ಹಾಕಿದವರೇ ಬಾಗಿಲು ಬಿಟ್ಟು ಹೊರಟಿದ್ದಾರೆ, ಕೀಲಿಕೈಯನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡು. ಬೀಜದ ಕಂಪನಿಗಳ ವರಸೆಯನ್ನು ಕಂಡ ರೈತರಿಗೆ ಇದು ಹೊಸದೆನಿಸಲಾರದು. ಬೀಜ ನಿನ್ನದು, ಅದರ ಗುಟ್ಟು ನನ್ನದು ಎನ್ನುವವರು ಅಲ್ಲಿ. ಕಾರ್ಡು ನಿನ್ನದು, ಅದನ್ನು ಮಲಗಿಸುವ ಹಕ್ಕು ನನ್ನದು ಎನ್ನುವವರು ಇಲ್ಲಿ.

ಮೂರು ತಕರಾರುಗಳು

ಮೊದಲನೆಯದು: ಇದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ, ಮೂವತ್ತು ವಾಟ್ ಉಳಿಸಿ ಯಾವ ನದಿ ಉಳಿದೀತು ಎಂಬುದು. ಇಂಥ ಯಂತ್ರ ಹತ್ತು ಲಕ್ಷವಿದ್ದರೆ ಅದು 30 ಮೆಗಾವಾಟ್. ಶರಾವತಿಯ ಒಂದು ಘಟಕದ ಸಾಮರ್ಥ್ಯ 103.5 ಮೆಗಾವಾಟ್, ಅದರ ಕಾಲು ಭಾಗಕ್ಕೂ ಹೆಚ್ಚು. ಸಣ್ಣದೆಂದು ನಿರ್ಲಕ್ಷಿಸಿದ್ದರಿಂದಲೇ ಟಿವಿ, ಚಾರ್ಜರುಗಳ ಸೋರಿಕೆ ಜಗತ್ತಿನಾದ್ಯಂತ ದೊಡ್ಡದಾಯಿತು. ಅಮೆರಿಕದ ವಿಜ್ಞಾನಿ ಅಲನ್ ಮೈಯರ್ ಈ ಸೋರಿಕೆಯನ್ನು ಅಳೆದು ತೋರಿಸಿ, ಯಾವ ಉಪಕರಣವೂ ಸುಮ್ಮನಿರುವಾಗ ಒಂದು ವಾಟ್ ಮೀರಬಾರದೆಂದು ವಾದಿಸಿದರು. 1999ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಅದನ್ನು ಎತ್ತಿಕೊಂಡಿತು. ಯುರೋಪು 2008ರಲ್ಲಿ ನಿಯಮ ರೂಪಿಸಿ 2010ರಿಂದ ಜಾರಿಗೆ ತಂದಿತು. ಅರೆಕಾಸಿನ ಮಜ್ಜಿಗೆಗೂ ಕಾನೂನಾಯಿತು.

ಎರಡನೆಯದು: ಈಗ ಸೌರಶಕ್ತಿಯ ಕಾಲ, ಪಾವಗಡದಲ್ಲಿ 2050 ಮೆಗಾವಾಟ್ ಸೌರ ಉದ್ಯಾನವಿದೆ, ಚಿಂತೆ ಏಕೆ ಎಂಬುದು. ಸೂರ್ಯ ಸಂಜೆ ಮನೆಗೆ ಹೋಗುತ್ತಾನೆ; ಕಾರ್ಡು ಹೋಗುವುದಿಲ್ಲ. ರಾತ್ರಿಯ ಬೇಡಿಕೆಯನ್ನು ಪೂರೈಸಲೆಂದೇ ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದಲ್ಲಿ, 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಬಂದಿರುವುದು. 1964ರಲ್ಲಿ ಲಿಂಗನಮಕ್ಕಿಗೆ ಊರು ಕೊಟ್ಟವರ ಮೊಮ್ಮಕ್ಕಳನ್ನು ಮತ್ತೊಮ್ಮೆ ತ್ಯಾಗಕ್ಕೆ ಕರೆಯುವ ಮೊದಲು, ರಾತ್ರಿ ಎರಡು ಗಂಟೆಗೆ ಖಾಲಿ ಕಚೇರಿಯಲ್ಲಿ ಉರಿಯುವ ಯಂತ್ರಗಳ ಪಟ್ಟಿಯನ್ನು ಸರ್ಕಾರ ಮುಂದಿಡಬೇಡವೇ?

ಮೂರನೆಯದು ಗಂಭೀರವಾದದ್ದು: ದೊಡ್ಡ ದೊಡ್ಡ ದತ್ತಾಂಶ ಕೇಂದ್ರಗಳನ್ನು ಬಿಟ್ಟು ಬಡಪಾಯಿ ಬಳಕೆದಾರನನ್ನು ಏಕೆ ಹಿಡಿಯುತ್ತೀರಿ ಎಂಬುದು. ಈ ಮಾತಿನಲ್ಲಿ ಸತ್ಯವಿದೆ. ಅದಕ್ಕಾಗಿಯೇ ಈ ಲೇಖನದ ಬೆರಳು ಮೊದಲು ತಯಾರಕರತ್ತ, ಆಮೇಲೆ ಸರ್ಕಾರದತ್ತ. ಆದರೆ ದತ್ತಾಂಶ ಕೇಂದ್ರಗಳಲ್ಲಿ ಇರುವುದೂ ಇದೇ ಕಂಪನಿಗಳ ಕಾರ್ಡುಗಳೇ. ಮೇಜಿನ ಮೇಲಿನ ಒಂದು ಕಾರ್ಡಿನ ಊಟದ ಲೆಕ್ಕ ಕೇಳಲು ಕಲಿಯದ ಸಮಾಜ ಸಾವಿರ ಕಾರ್ಡುಗಳ ಕೊಠಡಿಯ ಲೆಕ್ಕವನ್ನು ಕೇಳೀತೇ? ಇನ್ನು ನಮ್ಮ ಚಳವಳಿಯ ಗೆಳೆಯರಿಗೆ ಒಂದು ಮಾತು. ಅಣೆಕಟ್ಟಿನ ವಿರುದ್ಧದ ಕರಪತ್ರವನ್ನು ವಿನ್ಯಾಸ ಮಾಡಿದ ಯಂತ್ರವನ್ನು ಹಾಗೆಯೇ ಬಿಟ್ಟು ಮಲಗಿದರೆ ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆ ನಮ್ಮನ್ನೇ ಹುಡುಕಿಕೊಂಡು ಬರುತ್ತದೆ.

ಇಂದೇ ಮಾಡಬಹುದಾದದ್ದು

1. ಮೊದಲು ಅಳೆಯಿರಿ. ಗೋಡೆಯ ಸಾಕೆಟ್ಟಿಗೂ ಯಂತ್ರಕ್ಕೂ ನಡುವೆ ಸಿಕ್ಕಿಸುವ ವಾಟ್ ಮೀಟರ್ ಒಂದನ್ನು ಹತ್ತು ಮನೆಯವರು ಸೇರಿ ಕೊಂಡರೂ ಸಾಕು. ಲಿನಕ್ಸಿನಲ್ಲಿ ಎನ್ವಿಡಿಯಾ ಕಾರ್ಡಾದರೆ ಕಂಪನಿಯ ಚಾಲಕ ತಂತ್ರಾಂಶದ ಜೊತೆಗೇ ಬರುವ ಎನ್ವಿಡಿಯಾ ಎಸ್‌ಎಂಐ ಎಂಬ ಸಾಧನ ವಾಟ್ ಅಂಕಿಯನ್ನೂ ಮೆಟ್ಟಿಲನ್ನೂ ತೋರಿಸುತ್ತದೆ. ಸುಮ್ಮನಿರುವಾಗ ಪಿ8 ಎಂದಿದ್ದರೆ ಸರಿ. ಪಿ0 ಎಂದಿದ್ದರೆ ಎಲ್ಲೋ ತಪ್ಪಿದೆ. ಎಎಂಡಿ ಕಾರ್ಡಿಗೆ ಸೆನ್ಸರ್ಸ್ ಎಂಬ ಆಜ್ಞೆ ಸಾಕು.

2. ಪರದೆಯ ಗತಿಯನ್ನು ಇಳಿಸಿರಿ. ಬರವಣಿಗೆಗೆ, ಲೆಕ್ಕಪತ್ರಕ್ಕೆ ಸೆಕೆಂಡಿಗೆ 60 ಬಾರಿ ಧಾರಾಳ. ಎರಡು ಪರದೆಗಳಿದ್ದರೆ ಎರಡಕ್ಕೂ ಒಂದೇ ಗತಿಯಿರಲಿ. ಇಳಿಸಿದ ಮೇಲೆ ಮತ್ತೆ ಅಳೆಯಿರಿ. ಎಷ್ಟೋ ಯಂತ್ರಗಳಲ್ಲಿ ಇದೊಂದರಿಂದಲೇ ಸ್ಮೃತಿ ಕೆಳಗಿಳಿಯುತ್ತದೆ.

3. ಎಎಂಡಿ ಕಾರ್ಡಿನ ಕಾರ್ಯಮಟ್ಟವನ್ನು ನಿರ್ದೇಶಿಸುವ ಕಡತದಲ್ಲಿ ಆಟೋ ಎಂದಿರಲಿ. ಆಟದ ಹುರುಪಿನಲ್ಲಿ ಯಾರೋ ಹೈ ಎಂದು ಬರೆದಿಟ್ಟು ಮರೆತಿದ್ದರೆ ಕಾರ್ಡು ಎಂದಿಗೂ ಇಳಿಯದು.

4. ಪ್ರೊಸೆಸರಿನಲ್ಲೇ ಚಿತ್ರ ಮೂಡಿಸುವ ಶಕ್ತಿಯಿದ್ದರೆ ಪರದೆಯ ಕೇಬಲ್ಲನ್ನು ಮದರ್‌ಬೋರ್ಡಿಗೇ ಸಿಕ್ಕಿಸಿರಿ. ಅನುಕೂಲವಿರುವ ಕಾರ್ಡುಗಳು ಆಗ ಪೂರ್ಣ ನಿದ್ರೆಗೆ ಜಾರುತ್ತವೆ. ಭಾರದ ಕೆಲಸವೇ ಇಲ್ಲದಿದ್ದರೆ ಕಾರ್ಡನ್ನು ಕಿತ್ತು ಬೇಕಾದವರಿಗೆ ಕೊಡಿರಿ.

5. ಪರದೆ ಕಪ್ಪಾದ ಮಾತ್ರಕ್ಕೆ ಯಂತ್ರ ಮಲಗಿತೆಂದು ತಿಳಿಯಬೇಡಿ. ಹತ್ತು ಹದಿನೈದು ನಿಮಿಷದ ಬಳಿಕ ಸಸ್ಪೆಂಡ್ ಆಗುವಂತೆ ಹೊಂದಿಸಿರಿ. ರಾತ್ರಿ ಗೋಡೆಯ ಸ್ವಿಚ್ಚನ್ನು ಆರಿಸಿರಿ.

ಕೇಳಬೇಕಾದದ್ದು

ಸ್ವಂತ ಮನೆ ಶುದ್ಧಮಾಡಿಕೊಂಡ ಮೇಲೆ ಕೇಳುವ ಹಕ್ಕು ಹುಟ್ಟುತ್ತದೆ. ಫ್ರಿಜ್ಜಿನ ಮೇಲೆ ನಕ್ಷತ್ರ ಅಂಟಿಸಿ ಗ್ರಾಹಕರಿಗೆ ಕಣ್ಣು ಕೊಟ್ಟದ್ದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ. 2006ರಿಂದ ಆ ವ್ಯವಸ್ಥೆ ನಡೆದಿದೆ. ಗ್ರಾಫಿಕ್ಸ್ ಕಾರ್ಡಿನ ಪೆಟ್ಟಿಗೆಯ ಮೇಲೆ ಗರಿಷ್ಠ ಶಕ್ತಿಯ ಜಂಭ ಕಾಣುತ್ತದೆಯೇ ಹೊರತು ಸುಮ್ಮನಿರುವಾಗಿನ ವಾಟ್ ಎಷ್ಟೆಂಬುದು ಕಾಣುವುದಿಲ್ಲ. ಆ ಅಂಕಿಯನ್ನು, ಒಂದು ಪರದೆಗೆ ಮತ್ತು ಎರಡು ಪರದೆಗೆ ಬೇರೆ ಬೇರೆಯಾಗಿ, ಮುದ್ರಿಸುವುದನ್ನು ಕಡ್ಡಾಯ ಮಾಡಬೇಕು. ಅಸಾಧ್ಯವೆನ್ನುವವರು ಕ್ಯಾಲಿಫೋರ್ನಿಯವನ್ನು ನೋಡಲಿ. ಯಂತ್ರ ಸುಮ್ಮನಿರುವಾಗಿನ ಬಳಕೆಗೆ ಅಲ್ಲಿ ಮಿತಿ ಹೇರಿದ್ದರಿಂದ 2021ರಲ್ಲಿ ಡೆಲ್ ಕಂಪನಿ ತನ್ನ ಕೆಲವು ಗೇಮಿಂಗ್ ಯಂತ್ರಗಳನ್ನು ಆ ರಾಜ್ಯಕ್ಕೂ ಅದರ ಹಾದಿ ಹಿಡಿದ ಇನ್ನು ಕೆಲವು ರಾಜ್ಯಗಳಿಗೂ ಕಳಿಸುವುದನ್ನೇ ನಿಲ್ಲಿಸಬೇಕಾಯಿತು.

ಎರಡನೆಯದಾಗಿ, ಸರ್ಕಾರಿ ಕಚೇರಿ, ಶಾಲೆ, ವಿಶ್ವವಿದ್ಯಾಲಯಗಳ ಖರೀದಿಯ ಟೆಂಡರಿನಲ್ಲಿ ಎರಡು ಷರತ್ತುಗಳಿರಲಿ: ಸುಮ್ಮನಿರುವಾಗಿನ ಬಳಕೆಗೆ ಮಿತಿ, ಮತ್ತು ವಿದ್ಯುತ್ ನಿರ್ವಹಣೆಯ ಪೂರ್ಣ ಮಾಹಿತಿ ಮುಕ್ತವಾಗಿರುವ ಕಾರ್ಡುಗಳಿಗೆ ಆದ್ಯತೆ. ಪಹಣಿ ಮುದ್ರಿಸುವ ಯಂತ್ರಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡೇ ಬೇಕಿಲ್ಲ ಎಂಬುದನ್ನೂ ಯಾರಾದರೂ ಬರೆದಿಡಲಿ. ಮೂರನೆಯದಾಗಿ, ಬೆಂಬಲ ನಿಲ್ಲಿಸುವ ಕಂಪನಿ ಅದೇ ದಿನ ಬೀಗದ ಕೈಯನ್ನೂ ಸಾರ್ವಜನಿಕರಿಗೆ ಒಪ್ಪಿಸಬೇಕು. ಇ-ತ್ಯಾಜ್ಯದ ನಿಯಮಗಳಲ್ಲಿ ತಯಾರಕರ ಹೊಣೆಯ ಮಾತಿದೆ. ಹೊಣೆಯೆಂದರೆ ಗುಜರಿಯನ್ನು ಹೊರುವುದಷ್ಟೇ ಅಲ್ಲ, ಗುಜರಿಯಾಗದಂತೆ ತಡೆಯುವುದೂ ಹೌದು.

2023ರಿಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯುನಿಟ್‌ವರೆಗೆ ಉಚಿತವಿದೆ. ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೂ ಬಿಲ್ಲಿಲ್ಲ. ಬಿಲ್ಲು ಬಾರದ ಮನೆಗೆ ತಿಂಗಳಿಗೆ ಇಪ್ಪತ್ತೊಂದು ಯುನಿಟ್ ಸೋರಿದರೆ ತಿಳಿಯುವುದು ಹೇಗೆ? ಬಿಲ್ಲಿಲ್ಲವೆಂದರೆ ಬೆಲೆಯಿಲ್ಲವೆಂದಲ್ಲ. ಬೆಲೆಯನ್ನು ತಾಲ್ಚೇರ್‌ನ ಕಾಡು ಕೊಟ್ಟಿದೆ, ಶರಾವತಿಯ ಕಣಿವೆ ಕೊಟ್ಟಿದೆ, ತ್ರೀ ಫೇಸ್‌ಗಾಗಿ ನಿದ್ದೆಗೆಡುವ ಹುತ್ತೂರಿನ ರೈತ ಕೊಡುತ್ತಲೇ ಇದ್ದಾನೆ. ಅವನ ಆಟೋ ಸ್ಟಾರ್ಟರನ್ನು ಬಿಚ್ಚಿಸಲು ಹೊರಡುವ ಮೊದಲು ನಮ್ಮ ಮೇಜಿನ ಕೆಳಗಿನದನ್ನು ಬಿಚ್ಚೋಣ.